ಗೋವಾ ದಾರಿಗೆ ಎಟಿಆರ್ 72, ಎ320 ನಿಯೋ, 737 ಮ್ಯಾಕ್ಸ್: ಮೂರರಲ್ಲೂ ಕೂತು ನೋಡಿದ ಮೇಲೆ

ಪುಣೆಯಿಂದ ಗೋವಾಕ್ಕೆ ಯಾವ ವಿಮಾನ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಎಟಿಆರ್ 72, ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ. ಮಳೆಗಾಲದಲ್ಲಿ ಮಾತ್ರ ಎ320 ನಿಯೋ. 737 ಮ್ಯಾಕ್ಸ್ ಮೂರನೆಯದು. ಇವೆರಡೂ ಜೆಟ್. ನನಗೆ ಪುಣೆಯಲ್ಲಿ ಕೆಲಸ, ವಾಸ್ಕೋದಲ್ಲಿ ಅಕ್ಕನ ಮನೆ, ನಡುವೆ ಮುಂಬೈ ಓಡಾಟ. ಹಾಗಾಗಿ ಮೂರರಲ್ಲೂ ಕಿಟಕಿ ಪಕ್ಕ ಕೂತು ಬಂದಿದ್ದೇನೆ.

ಎಟಿಆರ್ ಅಂದರೆ ಅಕ್ಕನಿಗೆ ಆಗುವುದಿಲ್ಲ. "ಆ ಫ್ಯಾನ್ ತಿರುಗೋ ವಿಮಾನ ಬ್ಯಾಡೋ ತಮ್ಮಾ, ಹಳೇದಿರ್ಬೇಕು ಅದು" ಅನ್ನುತ್ತಾಳೆ. ನಿಜವಾಗಿ ಹಳೆಯದು ಅವಳ ಮನೆ ಹತ್ತಿರವೇ ಇದೆ. ಬೋಗ್ಮಾಲೋ ದಾರಿಯಲ್ಲಿರುವ ನೌಕಾಪಡೆಯ ವಿಮಾನ ಮ್ಯೂಸಿಯಂನಲ್ಲಿ ಏರ್ ಇಂಡಿಯಾದಲ್ಲಿ ಹಾರಿದ ಸೂಪರ್ ಕಾನ್‌ಸ್ಟಲೇಶನ್ ನಿಂತಿದೆ, ಅದರ ನಾಲ್ಕೂ ಎಂಜಿನ್ ಪಿಸ್ಟನ್‌ನವು. ಎಟಿಆರ್ 72-600ರದ್ದು ಬೇರೆ ಜಾತಿ. ಅದರಲ್ಲಿ ಆರು ಅಲಗಿನ ಪ್ರೊಪೆಲ್ಲರ್ ತಿರುಗಿಸುವುದು ಗ್ಯಾಸ್ ಟರ್ಬೈನ್, ಅಂದರೆ ಜೆಟ್ ಎಂಜಿನ್ನಿನ ಮನೆತನದ್ದೇ. ಜೆಟ್ ಕಡಿಮೆ ಗಾಳಿಯನ್ನು ಜೋರಾಗಿ ಹಿಂದಕ್ಕೆ ತಳ್ಳುತ್ತದೆ, ಪ್ರೊಪೆಲ್ಲರ್ ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ, ಆ ವೇಗದಲ್ಲಿ ಇಂಧನ ಉಳಿಯುವುದು ಇದರಿಂದಲೇ. ಎಟಿಆರ್ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್‌ಗಳದ್ದು ಸುಮಾರು 830. ಆದರೆ ಇಷ್ಟು ಹತ್ತಿರದ ಊರಿಗೆ ಜೆಟ್ ಮೇಲೆ ಹತ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಉಳಿಸಿದ ಸ್ವಲ್ಪ ನಿಮಿಷವನ್ನೂ ಮುಂಬೈ ನುಂಗುತ್ತದೆ, ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬಳಕೆ, ಸಾಲು ಕಾಯಲೇಬೇಕು.

ಎಟಿಆರ್‌ನಲ್ಲಿ ನನಗೆ ಬೇಕಾದದ್ದು ಕಿಟಕಿ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗೆ ಏನೂ ಅಡ್ಡ ಇಲ್ಲ. ಹಾರುವುದೂ ಕೆಳಗೇ, 25,000 ಅಡಿ ಅದರ ಮಿತಿ. ಪುಣೆಯಿಂದ ದಕ್ಷಿಣಕ್ಕೆ ಹೊರಟರೆ ಬಲಗಡೆ ಸಹ್ಯಾದ್ರಿ ಸಾಲು ಬಿಚ್ಚಿಕೊಳ್ಳುತ್ತದೆ. ಮಳೆ ಮುಗಿದ ಮೇಲೆ ಕೊಯ್ನಾ ಅಣೆಕಟ್ಟಿನ ಶಿವಸಾಗರ ಬೆಟ್ಟಗಳ ಸಂದಿಯಲ್ಲಿ ಉದ್ದಕ್ಕೆ ತುಂಬಿ ನಿಂತಿರುತ್ತದೆ, ನೀರಿನ ಬೆರಳುಗಳು ಒಂದೊಂದು ಕಣಿವೆಗೂ ಚಾಚಿರುತ್ತವೆ. ಬೆಳಗಿನ ವಿಮಾನವೇ ಇರಲಿ, ಮಧ್ಯಾಹ್ನವಾದರೆ ಬಲಗಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇನ್ನು ಚಕ್ರ! ಹೊಟ್ಟೆಯ ಪಕ್ಕದ ಉಬ್ಬಿನಿಂದ ಅದು ಹೊರಗೆ ಬಂದು ಸೆಟೆದು ನಿಲ್ಲುವುದು, ಗೋವಾದ ಮೋಪಾ ವಿಮಾನ ನಿಲ್ದಾಣದ ರನ್‌ವೇ ಮುಟ್ಟಿದ ಕೂಡಲೇ ನಿಂತಿದ್ದ ಟೈರು ಗಿರ್ರನೆ ತಿರುಗಿ ಒಂದಿಷ್ಟು ಹೊಗೆ ಹಾರುವುದು, ಇದೆಲ್ಲ ಸೀಟಿನಿಂದಲೇ ಕಾಣುತ್ತದೆ. ಜೆಟ್‌ಗಳಲ್ಲಿ ಇದು ರೆಕ್ಕೆ ಕೆಳಗೆ ಮರೆಯಾಗಿರುತ್ತದೆ.

ಕಷ್ಟವೂ ಇದೆ. ಪ್ರೊಪೆಲ್ಲರ್ ಪಕ್ಕದ ಸಾಲಿನಲ್ಲಿ ಕೂತರೆ ಸದ್ದು ಮೈಗೇ ತಾಗುತ್ತದೆ, ಹಿಂದಿನ ಸಾಲು ತೆಗೆದುಕೊಳ್ಳಿ. ನೆಲದ ಮೇಲೆ ಕರೆಂಟಿಗೆ ಇದರಲ್ಲಿ ಬೇರೆ ಸಣ್ಣ ಎಂಜಿನ್ ಇಲ್ಲ, ಬಲಗಡೆ ಎಂಜಿನ್ನನ್ನೇ ಓಡಿಸಿ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿರುತ್ತಾರೆ. ಎಂಥ ಜಾಣ ಉಪಾಯ ಅಲ್ವಾ! ಆದರೆ ಮಳೆಗಾಲದಲ್ಲಿ ನಾನು ಎಟಿಆರ್ ತೆಗೆದುಕೊಳ್ಳುವುದಿಲ್ಲ. ಮೋಡಗಳ ಮೇಲೆ ಹೋಗುವಷ್ಟು ಎತ್ತರ ಅದಕ್ಕಿಲ್ಲ, ಹಗುರ ವಿಮಾನಕ್ಕೆ ಪ್ರತಿ ಗಾಳಿಯೂ ತಾಗುತ್ತದೆ, ಮೋಪಾ ಇರುವುದು ಬೇರೆ ಎತ್ತರದ ಬಯಲಿನ ಮೇಲೆ. ಅಪಾಯ ಅಂತಲ್ಲ, ಎರಡು ಮೋಡದ ನಡುವೆ ಒಮ್ಮೆ ಕುಲುಕಾಡಿದ ಮೇಲೆ ಕಿಟಕಿಯಲ್ಲಿ ನೋಡುವುದಕ್ಕೇನೂ ಉಳಿಯುವುದಿಲ್ಲ.

ಆಗ ಎ320 ನಿಯೋ. ಒಳಗೆ 3.70 ಮೀಟರ್ ಅಗಲ, 737ರಲ್ಲಿ 3.54. ಎರಡರಲ್ಲೂ ಸಾಲಿಗೆ ಆರು ಸೀಟು, ಭುಜಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಹೊರಡುವ ಮುಂಚೆ ಕಾಲ ಕೆಳಗಿನಿಂದ ನಾಯಿ ಬೊಗಳಿದ ಹಾಗೆ ಸದ್ದು ಬರುತ್ತದಲ್ಲ, ಪಕ್ಕದವರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ. ಅದು ಒಂದು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ) ವ್ಯವಸ್ಥೆಯ ಒತ್ತಡದಿಂದ ಇನ್ನೊಂದಕ್ಕೆ ಶಕ್ತಿ ಕೊಡುವ ಸಾಧನ, ಎಣ್ಣೆ ಮಾತ್ರ ಒಂದರದ್ದು ಇನ್ನೊಂದಕ್ಕೆ ಸೇರುವುದಿಲ್ಲ. ಎರಡನೇ ಎಂಜಿನ್ ಸ್ಟಾರ್ಟ್ ಮಾಡುವಾಗ ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್ ಇರುವ ನಿಯೋದಲ್ಲಿ ಗೇರ್ ಇದೆ, ಮುಂದಿನ ಫ್ಯಾನ್ ಟರ್ಬೈನಿಗಿಂತ ಸುಮಾರು ಮೂರು ಪಟ್ಟು ನಿಧಾನ ತಿರುಗುತ್ತದೆ. ಎಟಿಆರ್ ಮಾಡುವ ಕೆಲಸದ ಹತ್ತಿರಕ್ಕೇ ಜೆಟ್ ಬರುತ್ತಿದೆ ಅಂತ ನನಗೆ ಇದನ್ನು ನೋಡಿದಾಗ ಬಹಳ ಖುಷಿಯಾಗುತ್ತದೆ. ಮುಂಬೈಯಿಂದ ಪಶ್ಚಿಮಕ್ಕೆ ಟೇಕಾಫ್ ಆಗಿ ಸಮುದ್ರದ ಮೇಲೆ ಎಡಕ್ಕೆ ತಿರುಗಿದರೆ ಎಡಗಡೆ ಕಿಟಕಿಯವರಿಗೆ ಜುಹೂ ತೀರ ಪುಕ್ಕಟೆ. ಜೆ.ಆರ್.ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಟಪಾಲು ತಂದು ಇಳಿದದ್ದು ಅಲ್ಲೇ.

737 ಮ್ಯಾಕ್ಸ್ ಕೆಟ್ಟ ವಿಮಾನ ಅಂತ ನಾನು ಹೇಳುವುದಿಲ್ಲ. ಎಂಜಿನ್ ಹಿಂಬದಿ ಅಂಚಿನ ಗರಗಸದ ಹಲ್ಲುಗಳು ಸದ್ದು ತಗ್ಗಿಸಲು ಮಾಡಿದ್ದು, ನೋಡಲೂ ಚೆಂದ. ಆದರೆ ಮೂಲ 1967ರಲ್ಲಿ ಮೊದಲು ಹಾರಿದ, ಕಾಲು ಗಿಡ್ಡದ ವಿಮಾನ. ದೊಡ್ಡ ಎಂಜಿನ್ ರೆಕ್ಕೆಗೂ ನೆಲಕ್ಕೂ ನಡುವೆ ಹಿಡಿಸದೆ ಮುಂದಕ್ಕೆ, ಮೇಲಕ್ಕೆ ಕೂರಿಸಿದರು. ಅದರಿಂದ ಬದಲಾದ ನಡವಳಿಕೆ ಸರಿದೂಗಿಸಲು ಹಾಕಿದ ಸಾಫ್ಟ್‌ವೇರ್ 2018, 2019ರ ಎರಡು ಅಪಘಾತಗಳಲ್ಲಿ ವಿಮಾನದ ಮೂತಿಯನ್ನು ಕೆಳಕ್ಕೆ ದೂಡಿತು, 346 ಜನ ಹೋದರು. ಆಮೇಲೆ ತಿದ್ದಿದ್ದಾರೆ, ಭಾರತದಲ್ಲಿ 2021ರ ಆಗಸ್ಟ್‌ನಲ್ಲಿ ಮತ್ತೆ ಅನುಮತಿ ಸಿಕ್ಕಿತು, ನಾನೂ ಧೈರ್ಯವಾಗಿ ಹತ್ತುತ್ತೇನೆ. ಆದರೂ ಹಳೆಯ ಮೈಯನ್ನೇ ಎಳೆದು ಬೆಳೆಸುವ ಬದಲು ಹೊಸದಾಗಿ ಕಟ್ಟಬೇಕಿತ್ತು ಅನ್ನುವ ಸಿಟ್ಟು ಹೋಗಿಲ್ಲ.

ಒಂದು ವಿಷಯ: ವಾಸ್ಕೋ ಕಡೆ ಹೋಗುವವರು ಇಳಿಯುವ ಜಾಗ ನೋಡಿಕೊಳ್ಳಿ. ಗೋವಾದಲ್ಲಿ ಎರಡು ವಿಮಾನ ನಿಲ್ದಾಣ, ದಾಬೋಲಿಂ ವಾಸ್ಕೋ ಪಕ್ಕದಲ್ಲೇ, ಮೋಪಾ ಗೋವಾದ ಉತ್ತರ ತುದಿಯಲ್ಲಿ. ಎಟಿಆರ್‌ನಲ್ಲಿ ಮೋಪಾಕ್ಕೆ ಬಂದರೆ ರಸ್ತೆಯಲ್ಲಿ ಗಂಟೆಗೂ ಮೇಲೆ ಬೇಕು. ಶಿವಸಾಗರ ತುಂಬಿದ್ದರೆ ನಾನು ಅದಕ್ಕೂ ತಯಾರು.