ತಾಡಪತ್ರಿ ಕೆಳಗೆ ಮಲಗೋಕೆ ಯಾವ ಚೀಲ?

ಟೆಂಟ್ ಹೊತ್ತು ಹೊತ್ತು ಬೆನ್ನು ನೋವು ಬಂದ ಮೇಲೆ ನಾನು ತಾಡಪತ್ರಿಗೆ ಬಂದೆ. ರಾಶಿ ಮಾಡುವಾಗ ಕಣದಲ್ಲಿ ಹಾಸುವ ನೀಲಿ ತಾಡಪತ್ರಿ ಅಲ್ಲ. ಸಿಲಿಕೋನ್ ಲೇಪದ ತೆಳ್ಳನೆ ನೈಲಾನಿನದು, ಮಡಿಚಿದರೆ ಅಂಗೈಯಲ್ಲಿ ಕೂರುತ್ತದೆ. ಎರಡು ಕೋಲು, ಆರು ಗೂಟ ಇದ್ದರೆ ಸೂರು ಸಿದ್ಧ. ಆದರೆ ಅಕ್ಕಪಕ್ಕ ಎಲ್ಲ ಬಯಲು. ಗಾಳಿ, ಇಬ್ಬನಿ, ಹುಳ ಎಲ್ಲವೂ ಒಳಗೆ ಬರುತ್ತವೆ. ಹಾಗಾಗಿ ಸ್ಲೀಪಿಂಗ್ ಬ್ಯಾಗಿನ ಮೇಲೊಂದು ಹೊರಚೀಲ ಬೇಕಾಯಿತು. ಅದೇ ಬಿವಿ ಸ್ಯಾಕ್.

ಮಲಪ್ರಭೆ ಹುಟ್ಟುವ ಕಣಕುಂಬಿಯ ಹತ್ತಿರ ಗೆಳೆಯನೊಬ್ಬನ ಹೊಲ ಇದೆ. ನನ್ನ ಪ್ರಯೋಗಗಳೆಲ್ಲ ಹೆಚ್ಚಾಗಿ ಅಲ್ಲೇ ನಡೆದವು. ಒಂದು ರಾತ್ರಿ ಮಾತ್ರ ಬಾದಾಮಿ ಕಡೆ. ಕಾಡಿನೊಳಗೇ ಮಲಗಬಹುದಲ್ವಾ ಅಂತ ಕೇಳಬೇಡಿ. ಕಣಕುಂಬಿ ಕಡೆಯ ಭೀಮಗಡ ಕಾಡು 2011ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಜಾಗವಲ್ಲ.

ಮೊದಲು ತಂದದ್ದು ಎಲ್ಲಕ್ಕಿಂತ ಅಗ್ಗದ್ದು. ಬೆಳ್ಳಿ ಬಣ್ಣದ ತುರ್ತು ಚೀಲ, ನೂರು ಗ್ರಾಂ ಆಸುಪಾಸು. ಡಿಸೆಂಬರ್ ರಾತ್ರಿ. ಹನ್ನೊಂದಕ್ಕೆ ಬೆಚ್ಚಗಿತ್ತು. ಎರಡು ಗಂಟೆಗೆ ಎದ್ದು ಕೈ ಹಾಕಿದರೆ ಸ್ಲೀಪಿಂಗ್ ಬ್ಯಾಗ್ ಒದ್ದೆ. ಮಳೆ ಇಲ್ಲ, ಚೀಲ ತೂತಾಗಿಲ್ಲ. ನೀರು ಬಂದದ್ದು ನನ್ನಿಂದಲೇ. ಸುಮ್ನೆ ಮಲಗಿದ್ದರೂ ಉಸಿರು ಮತ್ತು ಚರ್ಮದಿಂದ ರಾತ್ರಿಗೆ ಒಂದು ಲೋಟದಷ್ಟು ನೀರು ಆವಿಯಾಗಿ ಹೋಗುತ್ತದೆ. ಈ ಹಾಳೆ ಅದನ್ನು ಹೊರಗೆ ಬಿಡುವುದಿಲ್ಲ. ತಣ್ಣಗಿನ ಹಾಳೆಗೆ ತಾಗಿ ಹನಿಯಾಗುತ್ತದೆ. ಮಗ್ಗುಲು ಬದಲಿಸಿದರೆ ಚುರುಮುರಿ ಪೊಟ್ಟಣ ಹಿಸುಕಿದ ಸದ್ದು ಬೇರೆ. ಬಾದಾಮಿಯ ಒಣ ಗಾಳಿಯಲ್ಲಾದರೂ ಸರಿಹೋದೀತು ಅಂದುಕೊಂಡೆ. ಒದ್ದೆ ಕಡಿಮೆಯಾಯಿತು, ನಿಲ್ಲಲಿಲ್ಲ. ಈಗ ಅದು ಪ್ರಥಮ ಚಿಕಿತ್ಸೆ ಡಬ್ಬಿಯ ಜೊತೆಗಿದೆ, ಅದರ ಜಾಗವೂ ಅದೇ.

ಎರಡನೆಯದು ಇದಕ್ಕೆ ಪೂರ್ತಿ ಉಲ್ಟಾ. ಪರಿಚಯದವರಿಂದ ಕಡ ತಂದ ಮಿಲಿಟರಿ ಮಾದರಿಯ ಚೀಲ. ನೀರು ಒಳಗೆ ಬಿಡದ, ಆವಿ ಹೊರಗೆ ಬಿಡುವ ಪದರದ ಬಟ್ಟೆ. ಗಟ್ಟಿ ಅಂದರೆ ಗಟ್ಟಿ. ತಾಡಪತ್ರಿ ಇಲ್ಲದೆ ಬರೀ ಮಳೆಯಲ್ಲೇ ಮಲಗಬಹುದು. ಆದರೆ ತೂಕ ಒಂದು ಕಿಲೋ ಹತ್ತಿರ! ತಾಡಪತ್ರಿಯೂ ಇದೂ ಸೇರಿದರೆ ಒಂದು ಸಣ್ಣ ಟೆಂಟೇ ಆಯಿತು. ಮತ್ತೆ ಟೆಂಟ್ ಬಿಟ್ಟಿದ್ದು ಯಾಕೆ? ಒಂದೇ ರಾತ್ರಿಗೆ ವಾಪಸ್ ಕೊಟ್ಟೆ.

ಆಗ ವಿಷಯ ತಲೆಗೆ ಹೋಯಿತು. ಮಳೆ ತಡೆಯುವುದು ತಾಡಪತ್ರಿ ಕೆಲಸ. ಚೀಲದ ಕೆಲಸ ನೆಲದ ತೇವ, ಸಿಡಿಯುವ ಹನಿ, ಗಾಳಿ, ಹುಳ, ಇಷ್ಟೇ. ಅಂದರೆ ತಳ ನೀರು ತಡೆಯಬೇಕು, ಮೇಲ್ಭಾಗ ಉಸಿರಾಡಬೇಕು.

ಮೂರನೆಯದು ಟೈವೆಕ್. ಕಾಗದದಂತೆ ಕಾಣುವ, ಹರಿಯದ ಹಾಳೆ. ಅದರಲ್ಲಿ ಮೆತ್ತನೆಯ ಜಾತಿಯೂ ಇದೆ, ನನಗೆ ಸಿಕ್ಕಿದ್ದು ಗಡುಸಿನದು. ಮನೆಯಲ್ಲೇ ಹೊಲಿದೆ, 230 ಗ್ರಾಂ ಬಂತು. ತಣ್ಣೀರಿನಲ್ಲಿ ಎರಡು ಸಲ ವಾಷಿಂಗ್ ಮಷೀನಿಗೆ ಹಾಕಿದ ಮೇಲೆ ಸದ್ದು ಕಡಿಮೆಯಾಯಿತು. ಒಳಗೆ ಒದ್ದೆ ಬಹಳ ಕಡಿಮೆ. ಹಸಿ ನೆಲದಲ್ಲಿ ಮಾತ್ರ ಸೊಂಟ ಊರಿದ ಕಡೆ ತೇವ ಏರಿತು. ನನ್ನ ಹೊಲಿಗೆಯ ಸೂಜಿ ತೂತುಗಳಿಂದಲೂ ಬಂದಿರಬಹುದು.

ಕೊನೆಗೆ ಬೇರೆ ಬೇರೆ ಬಟ್ಟೆ ತರಿಸಿ ವಡಗಾವಿಯ ಟೇಲರ್ ಒಬ್ಬರ ಮುಂದೆ ಇಟ್ಟೆ. ತಳಕ್ಕೆ ಸಿಲಿಕೋನ್ ಲೇಪದ ನೈಲಾನ್, ಮೇಲಕ್ಕೆ ಲೇಪ ಇಲ್ಲದ ತೆಳು ನೈಲಾನ್, ಮುಖಕ್ಕೆ ಸೊಳ್ಳೆ ಪರದೆ. ಅಳತೆ ಹೇಳಿದೆ: ಉದ್ದ ಏಳು ಅಡಿ, ಭುಜದಲ್ಲಿ ಅಗಲ 36 ಇಂಚು, ಕಾಲಲ್ಲಿ 24. ಅವರು ಚಾಕ್ ಹಿಡಿದು ನಿಂತರು. 'ಏನ್ರಿ ಇದು, ಹೆಣದ ಚೀಲ ಏನು?' ನಾನು ಜೀವಂತ ಇರುವಾಗಲೇ ಒಳಗೆ ಹೋಗುವವನು ಅಂದೆ. ಇನ್ನೂ ಎರಡು ಸಲ ತಿರುಗಿಸಿ ನೋಡಿದರು. ಕೂಲಿ ಮುನ್ನೂರು, ಬಟ್ಟೆ ಮತ್ತು ಜಿಪ್ ಸೇರಿ ಒಟ್ಟು ಸಾವಿರದ ನಾನೂರು ಆಯಿತು. ತೂಕ 260 ಗ್ರಾಂ.

ತಳದ ಬಟ್ಟೆಯನ್ನು ನಾಲ್ಕು ಇಂಚು ಮೇಲಕ್ಕೆ ಎತ್ತಿ ಹೊಲಿಸಿ, ಪರಾತದ ಅಂಚಿನ ಹಾಗೆ. ಆಗ ಹೊಲಿಗೆ ನೆಲಕ್ಕೆ ತಾಗುವುದಿಲ್ಲ. ಸಿಲಿಕೋನ್ ಬಟ್ಟೆಗೆ ಟೇಪ್ ಅಂಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ ಹೊಲಿಗೆಗೆ ಬ್ರಷ್‌ನಿಂದ ಹಚ್ಚಬೇಕು. ಉಳಿದದ್ದನ್ನು ತಳದ ಒಳಮೈಗೆ ಗೆರೆ ಗೆರೆಯಾಗಿ ಎಳೆಯಿರಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಚಾಪೆ ಸಮೇತ ಬೆಳಗ್ಗೆ ಕಾಲ ಕಡೆ ಜಾರಿರುತ್ತೀರಿ. ನಾನು ಜಾರಿದ್ದೇನೆ. ಅಗಲದಲ್ಲೂ ಜಿಪುಣತನ ಬೇಡ. ಚೀಲ ಬಿಗಿಯಾದರೆ ಸ್ಲೀಪಿಂಗ್ ಬ್ಯಾಗ್ ಒಳಗೆ ಅಮುಕಿ ಚಳಿ ಹತ್ತುತ್ತದೆ.

ಇದರಲ್ಲಿ ಆರು ರಾತ್ರಿ ಕಳೆದಿದ್ದೇನೆ. ಅಕ್ಟೋಬರಿನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಗಾಳಿ ಬರುವ ಕಡೆ ತಾಡಪತ್ರಿಯನ್ನು ನೆಲಕ್ಕೇ ಗೂಟ ಹೊಡೆದಿದ್ದೆ. ಕಾಲ ಮೇಲೆ ಒಂದಷ್ಟು ಹನಿ ಸಿಡಿಯಿತು, ಒಳಗೆ ಇಳಿಯಲಿಲ್ಲ. ಮಂಜು ಕವಿದ ಬೆಳಗ್ಗೆ ಬಾಯಿಯ ಹತ್ತಿರ ಸ್ವಲ್ಪ ಪಸೆ ಇರುತ್ತದೆ, ಅಷ್ಟೇ. ಪರದೆಗಂತೂ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಸೊಳ್ಳೆಗಿಂತ ಉಣುಗಿನ ಕಾರಣಕ್ಕೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಪಶ್ಚಿಮ ಘಟ್ಟದ ಅಂಚಿನಲ್ಲಿ ಬರೀ ನೆಲದ ಮೇಲೆ ಮಲಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಗೆಳೆಯನ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಅಜ್ಜ ಇದನ್ನೆಲ್ಲ ನೋಡಿ ನಕ್ಕು, ಕಂಬಳಿ ಹೊದ್ದು ಮಲಗಿಬಿಟ್ಟ. ಬೆಳಗ್ಗೆ ಎದ್ದು ಕೊಡವಿದ, ಇಬ್ಬನಿ ಉದುರಿ ಹೋಯಿತು. ಆಸೆಯಾಯಿತು, ಎತ್ತಿ ನೋಡಿದೆ. ಎರಡು ಕಿಲೋಗೆ ಮೋಸ ಇಲ್ಲ.

ಈಗ ಗೆಳೆಯನೂ ಒಂದು ಚೀಲ ಹೊಲಿಸುತ್ತಿದ್ದಾನೆ. ಅವನು ಎಡಗೈಯವನು, ಜಿಪ್ ಬಲಕ್ಕೆ ಬೇಡ ಅಂತ ಟೇಲರಿಗೆ ಹೇಳಿ ಬಂದಿದ್ದೇನೆ. ಅವರು ಈ ಸಲ ಏನೂ ಕೇಳಲಿಲ್ಲ, ಐವತ್ತು ರೂಪಾಯಿ ಜಾಸ್ತಿ ಹೇಳಿದರು.