ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ ಇನ್‌ಸೋಲ್: ಒಂದು ವರ್ಷ ದಾಟಿದ ಮೇಲಿನ ಅಭಿಪ್ರಾಯ

ಪಾದದ ಅಚ್ಚು ತೆಗೆದು ಮಾಡಿಕೊಡುವ ಇನ್‌ಸೋಲ್‌ಗಳ ಬಗ್ಗೆ ಕೊಳ್ಳುವ ಮೊದಲು ಯಾರೂ ಹೇಳದ ಸಂಗತಿಯೊಂದಿದೆ. ಅವು ಮನೆಗೆ ಬಂದ ದಿನದಿಂದ ನೀವು ಯಾವ ಶೂ ಧರಿಸಬೇಕೆಂಬುದನ್ನು ಅವೇ ತೀರ್ಮಾನಿಸುತ್ತವೆ. ನನ್ನ ಜೋಡಿಯ ತಳ ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು, ಹಿಮ್ಮಡಿ ಕೂರುವಲ್ಲಿ ಆಳವಾದ ಬಟ್ಟಲಿನಂಥ ತಗ್ಗಿದೆ. ಶೂವಿನ ಮೂಲ ಇನ್‌ಸೋಲ್ ಮೇಲೆಯೇ ಇದನ್ನು ಇಟ್ಟರೆ ಹಿಮ್ಮಡಿ ಎತ್ತರಕ್ಕೇರಿ ಪ್ರತಿ ಹೆಜ್ಜೆಗೂ ಹಿಂಬದಿಯಲ್ಲಿ ಜಾರುತ್ತದೆ. ಮೂಲದ್ದನ್ನು ತೆಗೆದು ಹಾಕಿದರೂ ಹಲವು ಶೂಗಳಲ್ಲಿ ಬೆರಳುಗಳಿಗೆ ಜಾಗ ಸಾಲುವುದಿಲ್ಲ. ನನ್ನ ಬಳಿಯಿದ್ದವುಗಳಲ್ಲಿ ಒಳಗೆ ಆಳವಿದ್ದ, ಲೇಸ್ ಕಟ್ಟುವ ಒಂದೇ ಜೋಡಿ ಇದಕ್ಕೆ ಒಗ್ಗಿತು. ಚಪ್ಪಲಿಯ ಮಾತು ಬಿಡಿ, ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವಷ್ಟು ಹೊತ್ತೂ ಈ ದುಬಾರಿ ವಸ್ತು ಬಾಗಿಲ ಬಳಿ ಸುಮ್ಮನೆ ಬಿದ್ದಿರುತ್ತದೆ.

ಇದರ ಜೊತೆಗೆ ಸದ್ದು ಬೇರೆ. ಗಟ್ಟಿ ತಳವು ಶೂವಿನ ಒಳಮೈಗೆ ಉಜ್ಜಿ, ಹೆಜ್ಜೆಗೊಮ್ಮೆ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಈಗ ವಾರಕ್ಕೊಮ್ಮೆ ಅದನ್ನು ಹೊರತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಶೂವಿನೊಳಗೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ ಮತ್ತೆ ಕೂರಿಸುತ್ತೇನೆ. ಮೊದಮೊದಲು ಕಿರಿಕಿರಿಯೆನಿಸಿದ ಈ ಕೆಲಸ ಈಗ ಇಷ್ಟವೇ ಆಗಿದೆ. ಹಿಮ್ಮಡಿಯ ತಗ್ಗು ಶೂವಿನ ಹಿಂಬದಿಗೆ ಸರಿಯಾಗಿ ಒತ್ತಿ ಕೂತಾಗ ಕೈಗೆ ಸಿಗುವ ಆ ಸಣ್ಣ 'ಟಕ್' ಅನುಭವದಲ್ಲಿ ಒಂದು ಸಮಾಧಾನವಿದೆ.

ನನ್ನದು ಪ್ಲಾಂಟಾರ್ ಫ್ಯಾಸಿಯೈಟಿಸ್, ಅಂದರೆ ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಹಬ್ಬಿರುವ ದಪ್ಪ ಪಟ್ಟಿ ಹಿಮ್ಮಡಿಗೆ ಅಂಟುವ ಜಾಗದಲ್ಲಿ ಬರುವ ತೊಂದರೆ. ಎಕ್ಸ್‌ರೇಯಲ್ಲಿ ಮೂಳೆಯ ಮುಳ್ಳೊಂದು ಕಂಡಿತ್ತಾದರೂ, ನೋವೇ ಇಲ್ಲದ ಅನೇಕರಲ್ಲೂ ಅಂಥದ್ದು ಕಾಣುವುದರಿಂದ ವೈದ್ಯರು ಅದಕ್ಕೆ ಮಹತ್ವ ಕೊಡಲಿಲ್ಲ. ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯ ನೋವು ಈ ಕಾಯಿಲೆಯ ಗುರುತು. ಆ ಹೆಜ್ಜೆಯ ಹೊತ್ತಿಗೆ ಕಾಲಲ್ಲಿ ಶೂ ಇರುವುದಿಲ್ಲವಾದ್ದರಿಂದ ಇನ್‌ಸೋಲ್ ಅಲ್ಲಿ ಏನೂ ಮಾಡಲಾರದು. ಅದು ನೆರವಾದದ್ದು ದಿನದ ಕೊನೆಯಲ್ಲಿ. ಮೊದಲ ದಿನ ಒಂದು ಗಂಟೆ, ಆಮೇಲೆ ದಿನಕ್ಕಿಷ್ಟೆಂದು ಸಮಯ ಹೆಚ್ಚಿಸುತ್ತಾ ಹೋಗಿ ಪೂರ್ತಿ ದಿನ ಧರಿಸುವಂತಾದ ಮೇಲೆ, ಗಟ್ಟಿ ನೆಲದ ಮೇಲೆ ನಿಂತೇ ಮಾಡಬೇಕಾದ ನನ್ನ ಕೆಲಸ ಮುಗಿಯುವ ವೇಳೆಗೆ ಕಾಡುತ್ತಿದ್ದ ಉರಿನೋವು ಸ್ಪಷ್ಟವಾಗಿ ಕಡಿಮೆಯಾಯಿತು. ಪಾದದ ನಡುವಿನ ಕಮಾನಿಗೆ ಆನಿಕೆ ಸಿಕ್ಕಿ ಭಾರ ಅಂಗಾಲಿನ ತುಂಬ ಹಂಚಿಕೆಯಾದದ್ದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಈ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಅಷ್ಟು ಸುಖಕ್ಕೆ ಅಚ್ಚು ತೆಗೆಸಲೇಬೇಕಿತ್ತೇ ಎಂಬುದು ಬೇರೆ ಪ್ರಶ್ನೆ. ಮಾಡಿಕೊಟ್ಟವರು ಪರದೆಯ ಮೇಲೆ ನನ್ನ ಪಾದದ ಬಣ್ಣಬಣ್ಣದ ಒತ್ತಡಚಿತ್ರ ತೋರಿಸಿದರೇ ಹೊರತು ಸಿದ್ಧ ಇನ್‌ಸೋಲ್‌ಗಳ ಹೆಸರನ್ನೂ ಎತ್ತಲಿಲ್ಲ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 236 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಎಲ್ಲರೂ ಸ್ನಾಯು ಎಳೆಯುವ ವ್ಯಾಯಾಮ ಮಾಡುತ್ತಿದ್ದರು. 8 ವಾರಗಳ ನಂತರ ಅದರ ಜೊತೆಗೆ ಸಿಲಿಕಾನ್‌ನ ಸಿದ್ಧ ಹಿಮ್ಮಡಿ ಪ್ಯಾಡ್ ಬಳಸಿದವರಲ್ಲಿ ಶೇಕಡಾ 95ರಷ್ಟು ಜನರಿಗೆ ಸುಧಾರಣೆಯಾಗಿದ್ದರೆ, ಅಳತೆಗೆ ಮಾಡಿಸಿದ್ದನ್ನು ಬಳಸಿದವರಲ್ಲಿ ಆ ಪ್ರಮಾಣ 68 ಆಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳತೆಯದ್ದು, ಸಿದ್ಧವಾದದ್ದು ಮತ್ತು ಆಧಾರವನ್ನೇ ಕೊಡದ ತೆಳು ನಕಲಿ ಇನ್‌ಸೋಲ್ ಈ ಮೂರನ್ನೂ ಹೋಲಿಸಿದಾಗ, ಮೊದಲೆರಡು 3 ತಿಂಗಳಲ್ಲಿ ಪಾದದ ಕಾರ್ಯಕ್ಷಮತೆಯನ್ನು ಒಂದಿಷ್ಟು ಹೆಚ್ಚಿಸಿದ್ದವು. ಆದರೆ 12 ತಿಂಗಳ ಹೊತ್ತಿಗೆ ಮೂರರ ನಡುವೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. ಸಿದ್ಧ ಜೋಡಿಗಿಂತ ಹಲವು ಪಟ್ಟು ಹೆಚ್ಚು ಹಣ ಕೇಳುವವರು ಇಷ್ಟನ್ನಾದರೂ ಗ್ರಾಹಕರ ಮುಂದಿಡಬೇಕಲ್ಲವೇ?

ಬೆಳಗಿನ ನೋವನ್ನು ಇಳಿಸಿದ್ದು ಹಣ ಬೇಡದ ವ್ಯಾಯಾಮ. ಫಿಸಿಯೋಥೆರಪಿಸ್ಟ್ ಕಲಿಸಿದಂತೆ, ಕಾಲು ನೆಲಕ್ಕೂರುವ ಮೊದಲೇ ಹಾಸಿಗೆಯ ಮೇಲೆ ಕೂತು ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು, ಅಂಗಾಲಿನ ಪಟ್ಟಿ ಬಿಗಿಯಾಗುವುದನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡುತ್ತೇನೆ. ದಿನ ಬಿಟ್ಟು ದಿನ ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಒಂದೇ ಕಾಲಿನ ಮೇಲೆ 3 ಸೆಕೆಂಡುಗಳಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, ಮತ್ತೆ 3 ಸೆಕೆಂಡುಗಳಲ್ಲಿ ಇಳಿಸುತ್ತೇನೆ. ಬೆರಳುಗಳು ಮೇಲಕ್ಕೆ ಬಾಗಿದಾಗ ಪಟ್ಟಿ ಬಿಗಿಯಾಗಿ ಕಮಾನು ಏರುತ್ತದೆ, ಟವೆಲ್ ಇರುವುದು ಅದಕ್ಕಾಗಿಯೇ. ಮೊದಲ ವಾರಗಳಲ್ಲಿ ಫಲ ಕಾಣದೆ ಬೇಸರವಾದರೂ, ಮೀನಖಂಡಕ್ಕೆ ಶಕ್ತಿ ಬರುತ್ತಿದ್ದಂತೆ ಬೆಳಗಿನ ಚುಚ್ಚುವಿಕೆ ತಾನಾಗಿ ಸಡಿಲವಾಯಿತು. ಚಿಕಿತ್ಸೆ ಯಾವುದೇ ಆಗಿರಲಿ, ಹೆಚ್ಚಿನವರಿಗೆ ಸುಮಾರು ಒಂದು ವರ್ಷದೊಳಗೆ ಈ ನೋವು ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ನನ್ನ ಇನ್‌ಸೋಲ್‌ಗೆ ಸಲ್ಲಬೇಕಾದ ಶ್ರೇಯಸ್ಸು ಇನ್ನಷ್ಟು ಕಿರಿದಾಗುತ್ತದೆ.

ಹಾಗಿದ್ದರೂ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮೇಲಿನ ಇವಿಎ ಎಂಬ ಮೆತ್ತನೆಯ ಫೋಮ್ ಹೊದಿಕೆ ಹೆಬ್ಬೆರಳಿನ ಕೆಳಗೆ ಸವೆದು ಹೊಳಪೇರಿದೆಯಾದರೂ, ಗಟ್ಟಿ ತಳ ಎಲ್ಲೂ ಬಿರಿದಿಲ್ಲ, ಕಮಾನು ಕುಸಿದಿಲ್ಲ. ಹೊದಿಕೆಯನ್ನಷ್ಟೇ ಬದಲಿಸಿಕೊಡುತ್ತಾರಂತೆ, ಅದನ್ನು ಮಾಡಿಸುತ್ತೇನೆ. ಎರಡನೆಯ ಜೋಡಿ ಶೂಗೆ ಮಾತ್ರ ಅಂಗಾಲಿನ ಮುಕ್ಕಾಲು ಉದ್ದದ ಸಿದ್ಧ ಇನ್‌ಸೋಲ್ ತಂದುಕೊಂಡಿದ್ದೇನೆ. ಅದು ಬೆರಳುಗಳ ಜಾಗವನ್ನು ಕಸಿದುಕೊಳ್ಳುವುದಿಲ್ಲ, ಸದ್ದನ್ನೂ ಮಾಡುವುದಿಲ್ಲ.