ಜೀರ್ಣಾಂಗವ್ಯೂಹದ ಮಾಡೆಲ್: ಲಿವರ್ ಬಿಚ್ಚೋಕೆ ಬರೋದನ್ನೇ ತಗೊಳ್ಳಿ

ನಮ್ ಹೈಸ್ಕೂಲ್ ಲ್ಯಾಬಿಗೆ ಈ ವರ್ಷ ಜೀರ್ಣಾಂಗವ್ಯೂಹದ ಪ್ಲಾಸ್ಟಿಕ್ ಮಾಡೆಲ್ ತರಿಸಿದ್ವಿ, ಬೋರ್ಡಿಗೆ ಕೂರಿಸಿರೋದು, ಬಾಯಿಂದ ಗುದದ್ವಾರದ ತನಕ ಪೂರ್ತಿ ಇದೆ. ಹತ್ತನೇ ಕ್ಲಾಸಿಗೆ ಜೀವಕ್ರಿಯೆಗಳು ಪಾಠ ಮಾಡೋ ಟೀಚರ್‌ಗಳಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಇದ್ರಲ್ಲಿ ನಂಗೆ ತುಂಬಾ ಹಿಡಿಸಿದ್ದು ಲಿವರನ್ನ ಬಿಚ್ಚಿ ತೆಗೆಯೋಕೆ ಬರೋದು. ಚಾರ್ಟಲ್ಲಿ ಎಲ್ಲಾ ಅಂಗಾನೂ ಅಕ್ಕಪಕ್ಕ ಇದ್ದಂಗೆ ಕಾಣತ್ತೆ, ಮಕ್ಳೂ ಹಾಗೇ ಚಿತ್ರ ಬಿಡಿಸ್ತಾರೆ. ಇಲ್ಲಿ ಲಿವರ್ ಎತ್ತಿದ್ರೆ ಅಡಿಗೆ ಅಂಟ್ಕೊಂಡಿರೋ ಹಸಿರು ಪಿತ್ತಕೋಶ, ಜಠರ ತೆಗೆದ್ರೆ ಹಿಂದೆ ಅಡ್ಡ ಮಲಗಿರೋ ಮೇದೋಜೀರಕ ಗ್ರಂಥಿ, ಎರಡ್ರ ನಾಳಾನೂ ಬಂದು ಡುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಸೇರೋ ಜಾಗ, ಎಲ್ಲಾ ಕಣ್ಣೆದುರಿಗೇ ಇದೆ. ಪಿತ್ತರಸ ತಯಾರಾಗೋದು ಲಿವರಲ್ಲಿ, ಪಿತ್ತಕೋಶ ಅದನ್ನ ಗಟ್ಟಿ ಮಾಡಿ ಇಟ್ಕೊಂಡು ಜಿಡ್ಡಿನ ಊಟ ಬಂದಾಗ ಬಿಡತ್ತೆ ಅಷ್ಟೇ ಅಂತ ಎಷ್ಟ್ ಸಲ ಹೇಳಿದ್ರೂ ಪರೀಕ್ಷೆಲಿ ಉಲ್ಟಾ ಬರೀತಿದ್ರು. ಈ ಸಲ ಒಬ್ಳು ಹುಡುಗಿ ಆ ನಾಳದ ಮೇಲೆ ಬೆರಳಿಟ್ಟು "ಮಿಸ್, ಇಲ್ಲಿ ಕಲ್ಲು ಸಿಕ್ಕಾಕ್ಕೊಂಡ್ರೆ ಪಿತ್ತ ಎಲ್ಲಿಗ್ ಹೋಗತ್ತೆ" ಅಂದ್ಳು. ಹಿಂದಕ್ಕೇ ನಿಂತು ರಕ್ತಕ್ಕೆ ಸೇರತ್ತೆ, ಕಣ್ಣು ಹಳದಿ ಆಗತ್ತೆ, ಕಾಮಾಲೆ ಹೀಗೂ ಬರತ್ತೆ ಅಂತ ಹೇಳ್ತಿದ್ದಂಗೆ ಇಡೀ ಕ್ಲಾಸು ಮಾಡೆಲ್ ಸುತ್ತ ಬಂದು ನಿಂತ್ಕೊಂಡ್ತು!

ಸಣ್ಣ ಕರುಳು ಮಾತ್ರ ಸಮಾಧಾನ ಇಲ್ಲ, ಒಂದೇ ಮುದ್ದೆ ಥರ ಅಚ್ಚು ಹಾಕಿದಾರೆ. ದೊಡ್ಡೋರಲ್ಲಿ ಅದು ಸುಮಾರು 6 ಮೀಟರ್ ಇರತ್ತೆ, ದೊಡ್ಡ ಕರುಳು 1.5 ಮೀಟರ್, ಆ ಅಂದಾಜು ಇದ್ರಿಂದ ಸಿಗಲ್ಲ. ಅದಕ್ಕೆ ನಾನು ಹಗ್ಗ ಅಳೆದು ಕಾರಿಡಾರಲ್ಲಿ ಎಳೆಸ್ತೀನಿ. ಆದ್ರೆ ಪಕ್ಕದಲ್ಲಿ ಕರುಳಿನ ಒಳಗೋಡೆ ದೊಡ್ಡದು ಮಾಡಿ ತೋರಿಸಿರೋದು ಚೆನ್ನಾಗಿದೆ, ವಿಲ್ಲಸ್‌ಗಳು, ಅಂದ್ರೆ ಒಳಗೋಡೆ ಮೇಲಿನ ಬೆರಳಿನಂಥ ಸಣ್ಣ ಸಣ್ಣ ಚಾಚುಗಳು, ಟರ್ಕಿ ಟವೆಲ್ ನೂಲಿನ ಥರ ಎದ್ದು ನಿಂತಿವೆ, ಒಂದೊಂದ್ರೊಳಗೂ ರಕ್ತನಾಳ ಬರೆದಿದಾರೆ, ಸಕ್ಕರೆ ಅಮೈನೋ ಆಮ್ಲ ರಕ್ತಕ್ಕೆ ಹೋಗೋದು ಇಲ್ಲೇ ಅಂತ ತೋರಿಸೋಕೆ ಅಷ್ಟು ಸಾಕು.

ಹೆಸರುಗಳು ಇಂಗ್ಲಿಷಲ್ಲಿ ಮಾತ್ರ, ಕನ್ನಡದ ಚೀಟಿ ನಾವೇ ಅಂಟಿಸಿದ್ವಿ. ಅಪೆಂಡಿಕ್ಸ್ ತುದಿ ಬೇಗ ಮುರೀತು, ಕಂಪನಿಯೋರು ಸ್ಪೇರ್ ಕೊಡಲ್ಲ ಅಂದ್ರು, ಫೆವಿಕ್ವಿಕ್ ಹಾಕಿದೀವಿ. ಅಂಗಗಳು ಬಿಚ್ಚೋಕೆ ಬರದೇ ಇರೋ ಮಾಡೆಲ್ ಕಮ್ಮಿ ರೇಟಿಗೆ ಸಿಗತ್ತೆ, ಅದಕ್ಕೆ ದುಡ್ಡು ಹಾಕೋ ಬದ್ಲು ಚಾರ್ಟೇ ಸಾಕು.